ಷೇರು ಇದ್ದರೆ ಸಾಲದು, ಸಭೆಗೂ ಬರಬೇಕು

ಹಾಲಿನ ಡೇರಿ, ಸ್ತ್ರೀಶಕ್ತಿ ಗುಂಪು, ನಾಟಕ ಮಂಡಳಿ, ಗ್ರಾಮಸಭೆ, ಶಾಲಾ ಸಮಿತಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಸಂಘಗಳಿಗೆ ಬರವಿಲ್ಲ. ಬರ ಇರುವುದು ಸಭೆಗೆ ಬಂದು ಕೂರುವವರಿಗೆ, ಎದ್ದು ನಿಂತು ಲೆಕ್ಕ ಕೇಳುವವರಿಗೆ. ಊರಿನ ಕೂಟದಲ್ಲಿ ಪಾಲ್ಗೊಂಡರೆ ಸಿಗುವುದೇನು, ದೂರ ಉಳಿದರೆ ಕೈತಪ್ಪುವುದೇನು?

ಬೆಳಿಗ್ಗೆ ಆರೂವರೆ. ಕನಕಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಈ ಹೊತ್ತಿಗೆ ಜನ ಸೇರುವ ಜಾಗವೆಂದರೆ ಡೇರಿ. ಕೈಯಲ್ಲಿ ಸ್ಟೀಲ್ ಕ್ಯಾನು, ಮುಚ್ಚಳದ ಬಕೆಟ್ಟು, ಬೈಕಿನ ಹಿಂದೆ ಕಟ್ಟಿದ ದೊಡ್ಡ ಕ್ಯಾನು. ಸರದಿ ಬಂದವರ ಹಾಲಿನಿಂದ ಟೆಸ್ಟರ್ ಒಂದಿಷ್ಟು ಸ್ಯಾಂಪಲ್ ತೆಗೆದು ಯಂತ್ರಕ್ಕೆ ಹಿಡಿಯುತ್ತಾನೆ. ಜಿಡ್ಡು ಎಷ್ಟು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ಎಷ್ಟು ಎಂಬುದು ಪರದೆಯ ಮೇಲೆ ಮೂಡಿ, ಚೀಟಿ ಹೊರಬರುತ್ತದೆ.

‘ಫ್ಯಾಟ್ ಯಾಕಣ್ಣ ಕಮ್ಮಿ ಬಂತು?’ ಎಂದು ಒಬ್ಬಾಕೆ ಕೇಳುತ್ತಾರೆ. ‘ಬರೀ ಹಸಿ ಹುಲ್ಲು ಹಾಕಿದ್ರೆ ಇನ್ನೇನಕ್ಕ ಬರ್ತದೆ, ಒಂಚೂರು ಒಣಮೇವೂ ಹಾಕು’ ಎಂದು ಉತ್ತರ ಬರುತ್ತದೆ. ಇಂಥ ಮಾತು ದಿನಕ್ಕೆ ಎರಡು ಹೊತ್ತು, ವರ್ಷದ ಅಷ್ಟೂ ದಿನ ನಡೆಯುತ್ತದೆ. ಹಾಲಿನ ಲೆಕ್ಕದ ಜೊತೆಗೇ ಯಾರ ಹಸು ಕರು ಹಾಕಿತು, ಯಾರ ಮನೆಯಲ್ಲಿ ಕಾಯಿಲೆ, ಯಾವ ಬೋರ್‌ವೆಲ್ ನಿಂತಿತು ಎಂಬ ಸುದ್ದಿಯೂ ಹಂಚಿಕೆಯಾಗುತ್ತದೆ.

ಅದೇ ಡೇರಿಯ ಮುಂದೆ ವರ್ಷಕ್ಕೊಮ್ಮೆ ಶಾಮಿಯಾನ ಹಾಕುತ್ತಾರೆ. ವಾರ್ಷಿಕ ಮಹಾಸಭೆ. ಹಾಲು ಹಾಕಲು ತಪ್ಪದೆ ಬರುವವರಲ್ಲಿ ಹಲವರು ಅಂದು ಕಾಣುವುದಿಲ್ಲ. ಬಂದವರಲ್ಲೂ ಕೆಲವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಕಾಫಿ ಕುಡಿದು ಹೊರಡುತ್ತಾರೆ. ಜಮಾ-ಖರ್ಚು ಓದುವ ಹೊತ್ತಿಗೆ ಮುಂದಿನ ಎರಡು ಸಾಲು ಕುರ್ಚಿ ತುಂಬಿದ್ದರೆ ಹೆಚ್ಚು.

ಸ್ಥಳೀಯ ಸಂಘ-ಸಂಸ್ಥೆಗಳ ಬಲ ಮತ್ತು ದೌರ್ಬಲ್ಯ ಎರಡೂ ಈ ಎರಡು ದೃಶ್ಯಗಳಲ್ಲಿವೆ. ಸಂಘದಿಂದ ಪ್ರಯೋಜನ ಪಡೆಯುವುದು ಒಂದು, ಸಂಘವನ್ನು ನಡೆಸುವುದು ಇನ್ನೊಂದು. ಎರಡನೆಯದು ನಿಂತರೆ ಮೊದಲನೆಯದೂ ಬಹಳ ದಿನ ಉಳಿಯುವುದಿಲ್ಲ.

ಹಾಲಿನ ಲೆಕ್ಕ, ಸಭೆಯ ಲೆಕ್ಕ

2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂತು. ಹೆಸರು ಬದಲಾದರೂ ಬದುಕಿನ ಆಧಾರ ಬದಲಾಗಿಲ್ಲ: ಹಾಲು, ರೇಷ್ಮೆ, ರಾಗಿ, ಮಾವು. ಇವುಗಳಲ್ಲಿ ಸಂಘದ ಮೇಲೆ ಅತಿ ಹೆಚ್ಚು ನಿಂತಿರುವುದು ಹಾಲು.

ಕರ್ನಾಟಕದಲ್ಲಿ ಗುಜರಾತಿನ ಆನಂದ್ ಮಾದರಿಯ ಹಾಲು ಸಹಕಾರ ಸಂಘಗಳು ಹರಡಿದ್ದು 1970ರ ದಶಕದ ನಡುವಿನಲ್ಲಿ, ವಿಶ್ವಬ್ಯಾಂಕ್ ನೆರವಿನಿಂದ. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್) ರೂಪುಗೊಂಡಿತು. ಹಳ್ಳಿಯಲ್ಲಿ ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಮಹಾಮಂಡಳ ಎಂಬ ಮೂರು ಹಂತಗಳಲ್ಲಿ ರಾಮನಗರದ ಸಂಘಗಳು ಬೆಂಗಳೂರು ಹಾಲು ಒಕ್ಕೂಟಕ್ಕೆ, ಅಂದರೆ ಬಮುಲ್‌ಗೆ ಸೇರಿವೆ.

ಒಂದು ಹಸು ಕಟ್ಟಿದವರಿಗೂ ಹತ್ತು ಹಸು ಕಟ್ಟಿದವರಿಗೂ ಸಂಘದಲ್ಲಿ ಇರುವುದು ಒಂದೇ ಮತ. ಖಾಸಗಿ ಕಂಪನಿಯಲ್ಲಿ ಷೇರು ಹೆಚ್ಚಿದ್ದವರ ಮಾತು ನಡೆದರೆ, ಇಲ್ಲಿ ತಲೆ ಎಣಿಕೆ. ಲಾಭ ಬಂದರೆ ಬೋನಸ್ ಹಂಚುವುದು ಹಾಕಿದ ಹಾಲಿನ ಪ್ರಮಾಣಕ್ಕೆ ತಕ್ಕಂತೆ. ರಾಜ್ಯ ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಸಿಗುವುದೂ ಸಂಘಕ್ಕೆ ಹಾಲು ಹಾಕಿದವರಿಗೇ.

ಸಭೆಯಲ್ಲಿ ಕೂತವರಿಗೆ ಮಾತ್ರ ಗೊತ್ತಾಗುವ ಸಂಗತಿಗಳೂ ಇವೆ. ದಿನವೂ ಪರೀಕ್ಷೆಗೆಂದು ತೆಗೆಯುವ ಸ್ಯಾಂಪಲ್ ಹಾಲನ್ನೇ ನೋಡಿ. ಒಬ್ಬೊಬ್ಬರಿಂದ ತೆಗೆಯುವುದು ಚೂರೇ ಚೂರು. ಊರಿನ ಅಷ್ಟೂ ಜನರದ್ದು ಸೇರಿದರೆ ದಿನಕ್ಕೆ ಲೀಟರುಗಟ್ಟಲೆ. ಅದು ಮಾರಾಟವಾಗಿ ಸಂಘದ ಆದಾಯಕ್ಕೆ ಸೇರಬೇಕು. ಊರಿನೊಳಗೆ ಮಾರುವ ಹಾಲಿನ ಹಣ, ಪಶು ಆಹಾರದ ಮೇಲಿನ ಕಮಿಷನ್, ಕಟ್ಟಡದ ಖರ್ಚು, ಸಿಬ್ಬಂದಿ ಸಂಬಳ ಎಲ್ಲವೂ ವಾರ್ಷಿಕ ವರದಿಯಲ್ಲಿ ಸಾಲು ಸಾಲಾಗಿ ಇರುತ್ತವೆ. ಆ ಸಾಲುಗಳನ್ನು ಓದಿ ಪ್ರಶ್ನೆ ಕೇಳುವ ನಾಲ್ಕು ಜನ ಇದ್ದ ಊರಿನ ಡೇರಿಗೂ, ಯಾರೂ ಇಲ್ಲದ ಊರಿನ ಡೇರಿಗೂ ವ್ಯತ್ಯಾಸ ಕಾಣುವುದು ಬೋನಸ್ ಹಂಚುವ ದಿನ.

ಹಾಜರಾತಿಗೆ ಕಾನೂನಿನ ಬಲವೂ ಇದೆ. ಮಹಾಸಭೆಗಳಿಗೆ ಪದೇ ಪದೇ ಗೈರಾದವರ, ಸಂಘದೊಂದಿಗೆ ಕನಿಷ್ಠ ವ್ಯವಹಾರವನ್ನೂ ನಡೆಸದವರ ಮತದಾನದ ಹಕ್ಕಿಗೆ ಕತ್ತರಿ ಹಾಕುವ ನಿಯಮ ರಾಜ್ಯದ ಸಹಕಾರ ಕ್ಷೇತ್ರದಲ್ಲಿ ಬಂದಿದೆ. ಸಹಕಾರ ಚುನಾವಣೆ ಹತ್ತಿರವಾದಾಗ ‘ಅರ್ಹ’, ‘ಅನರ್ಹ’ ಮತದಾರರ ಪಟ್ಟಿ ಕುರಿತು ನ್ಯಾಯಾಲಯದವರೆಗೆ ಹೋಗುವ ಜಗಳಗಳ ಬೇರು ಇಲ್ಲಿದೆ.

> ಮೊದಮೊದಲ ಸಂಘ ಕನ್ನಡ ನೆಲದ್ದು
>
> ಬ್ರಿಟಿಷ್ ಸರ್ಕಾರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ತಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸುವುದು ಉದ್ದೇಶವಾಗಿತ್ತು. ದೇಶದ ಸಹಕಾರ ಚಳವಳಿಯ ಇತಿಹಾಸದಲ್ಲಿ ಈ ಊರಿನ ಹೆಸರು ಮೊದಲ ಸಾಲಿನಲ್ಲಿದೆ. ವಿಶ್ವಸಂಸ್ಥೆ 2012 ಮತ್ತು 2025, ಎರಡು ಬಾರಿ ಅಂತರರಾಷ್ಟ್ರೀಯ ಸಹಕಾರ ವರ್ಷ ಆಚರಿಸಿದೆ. ದೇಶದಲ್ಲಿ ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹ ನಡೆಯುತ್ತದೆ.

ವಾರದ ಸಂಘದ ನೂರು ರೂಪಾಯಿ

ಮಧ್ಯಾಹ್ನದ ಊಟ ಮುಗಿದು, ಸಂಜೆ ಹಾಲು ಕರೆಯುವ ಹೊತ್ತು ಬರುವುದರೊಳಗೆ ಸಿಗುವ ಒಂದು ಗಂಟೆ ಹೆಂಗಸರ ಸಂಘದ ಹೊತ್ತು. ಯಾರದೋ ಮನೆಯ ಜಗಲಿ, ಅಂಗನವಾಡಿ ಅಥವಾ ದೇವಸ್ಥಾನದ ಕಟ್ಟೆ. ನಡುವೆ ಚಾಪೆ, ಚಾಪೆಯ ಮೇಲೆ ಉಳಿತಾಯದ ಪುಸ್ತಕ, ಸಾಲದ ಪುಸ್ತಕ, ನಡಾವಳಿ ಪುಸ್ತಕ. ಒಬ್ಬೊಬ್ಬರೇ ನೂರರ ನೋಟು ಇಟ್ಟು, ತಮ್ಮ ಪಾಸ್‌ಬುಕ್ಕಿನಲ್ಲಿ ಬರೆಸಿಕೊಳ್ಳುತ್ತಾರೆ.

ಲೆಕ್ಕ ಸರಳ. ಹದಿನೈದು ಹೆಂಗಸರು ವಾರಕ್ಕೆ 100 ರೂಪಾಯಿಯಂತೆ ಕಟ್ಟಿದರೆ ವಾರಕ್ಕೆ 1,500, ವರ್ಷಕ್ಕೆ 78,000 ರೂಪಾಯಿ. ಇದನ್ನೇ ತಮ್ಮೊಳಗೆ ಸಾಲ ಕೊಟ್ಟುಕೊಂಡರೆ ಬಡ್ಡಿಯೂ ಗುಂಪಿಗೇ ಸೇರುತ್ತದೆ. ಬಡ್ಡಿ ಎಷ್ಟು, ಯಾರಿಗೆ ಮೊದಲು, ಕಂತು ಎಷ್ಟು ಎಂಬುದನ್ನು ಗುಂಪೇ ತೀರ್ಮಾನಿಸುತ್ತದೆ. ಮಗಳ ಫೀಸಿಗೆ ಕೇಳಿದವಳಿಗೆ ಮೊದಲೋ, ಹಸು ತರಲು ಕೇಳಿದವಳಿಗೆ ಮೊದಲೋ ಎಂಬ ಚರ್ಚೆಯಲ್ಲಿ ಪ್ರತಿ ಮನೆಯ ಸ್ಥಿತಿಗತಿಯೂ ಮುಂದೆ ಬರುತ್ತದೆ.

ಸ್ವಸಹಾಯ ಗುಂಪುಗಳ ಕಲ್ಪನೆಗೆ ಕರ್ನಾಟಕವೇ ತವರು ಎನ್ನಬಹುದು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಇಂಥ ಗುಂಪುಗಳನ್ನು ಕಟ್ಟಿತು. 1992ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ (ನಬಾರ್ಡ್) ಅವುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಆರಂಭಿಸಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಈಗ ಸಂಜೀವಿನಿ ಯೋಜನೆಯಡಿ ಗುಂಪುಗಳು ಸೇರಿ ವಾರ್ಡ್ ಮಟ್ಟದ ಒಕ್ಕೂಟ, ಅವು ಸೇರಿ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ ಆಗುತ್ತವೆ. ಹಲವು ಪಂಚಾಯಿತಿಗಳಲ್ಲಿ ಕಸ ಸಾಗಿಸುವ ‘ಸ್ವಚ್ಛ ವಾಹಿನಿ’ಯ ಸ್ಟಿಯರಿಂಗ್ ಹಿಡಿದವರು ಈ ಒಕ್ಕೂಟಗಳ ಹೆಂಗಸರು.

ಗುಂಪು ಗಟ್ಟಿಯಾಗಿ ನಿಲ್ಲಲು ಐದು ಸೂತ್ರಗಳಿವೆ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ, ತಪ್ಪದ ಮರುಪಾವತಿ, ಆಗಿಂದಾಗ್ಗೆ ಬರೆದ ಲೆಕ್ಕ. ಮೊದಲನೆಯದೇ ಸಭೆ ಎಂಬುದು ಗಮನಾರ್ಹ. ಸಭೆ ತಪ್ಪಿದ ಗುಂಪಿನಲ್ಲಿ ಉಳಿದ ನಾಲ್ಕೂ ಒಂದೊಂದಾಗಿ ಸಡಿಲವಾಗುತ್ತವೆ. ಪುಸ್ತಕ ಒಬ್ಬಾಕೆಯ ಮನೆಯಲ್ಲೇ ಉಳಿಯುತ್ತದೆ, ಹಣ ‘ಕಳಿಸಿಕೊಡಿ’ ಎಂದಾಗುತ್ತದೆ, ಕೊನೆಗೆ ಯಾರ ಬಾಕಿ ಎಷ್ಟು ಎಂಬುದು ಬಾಯಿಮಾತಿಗೆ ಬಂದು ನಿಲ್ಲುತ್ತದೆ.

2025ರ ಆರಂಭದಲ್ಲಿ ರಾಜ್ಯದಾದ್ಯಂತ ಮೈಕ್ರೋಫೈನಾನ್ಸ್ ವಸೂಲಿ ಕಿರುಕುಳದ ಸುದ್ದಿಗಳು ಬಂದವು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ನಿಗದಿ ಮಾಡಿತು. ಹಳ್ಳಿಯ ಮಾತಿನಲ್ಲಿ ಫೈನಾನ್ಸಿನ ಗುಂಪೂ ‘ಸಂಘ’ವೇ, ಸ್ತ್ರೀಶಕ್ತಿಯೂ ‘ಸಂಘ’ವೇ. ಆದರೆ ಫೈನಾನ್ಸಿನ ಗುಂಪು ಸೇರುವುದು ಹೊರಗಿನವರ ಹಣಕ್ಕೆ ಒಬ್ಬರಿಗೊಬ್ಬರು ಜಾಮೀನು ನಿಲ್ಲಲು. ಅಲ್ಲಿ ಬಡ್ಡಿ ಹೊರಗೆ ಹೋಗುತ್ತದೆ, ನಿಯಮ ಹೊರಗಿನಿಂದ ಬರುತ್ತದೆ. ಉಳಿತಾಯದ ಗುಂಪಿನಲ್ಲಿ ಹಣ, ಬಡ್ಡಿ, ನಿಯಮ ಮೂರೂ ಸದಸ್ಯರವೇ. ಕಷ್ಟಕ್ಕೆ ಸಿಕ್ಕವಳಿಗೆ ಒಂದು ತಿಂಗಳು ಕಂತು ಮುಂದಕ್ಕೆ ಹಾಕುವ ಅಧಿಕಾರವೂ ಆ ಚಾಪೆಯ ಮೇಲೆ ಕೂತವರಿಗೇ ಇರುತ್ತದೆ.

ಗೂಡಿನ ಮಾರುಕಟ್ಟೆ, ಗೊಂಬೆಯ ಊರು

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಹುಳು ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಏರಿ, ಗೂಡು ಕಟ್ಟಿದ ಮೇಲೆ ರೈತನ ಕೈಯಲ್ಲಿ ಸಮಯ ಕಡಿಮೆ. ಒಳಗಿನ ಕೋಶ ಚಿಟ್ಟೆಯಾಗಿ ಗೂಡು ತೂತು ಮಾಡುವ ಮೊದಲು ಮಾರಾಟವಾಗಬೇಕು. ಒಬ್ಬನೇ ರೈತ ಬೆಲೆಗಾಗಿ ಕಾದು ಕೂರುವ ಹಾಗಿಲ್ಲ. ಬಹಿರಂಗ ಹರಾಜು, ಸರಿಯಾದ ತೂಕ, ನೇರ ಪಾವತಿ ಮುಂತಾದವನ್ನು ಒಬ್ಬೊಬ್ಬರಾಗಿ ಕೇಳಿ ಪಡೆಯಲು ಆಗುವುದಿಲ್ಲ. ಬೆಳೆಗಾರರ ಸಂಘಟನೆ ಬೇಕಾಗುವುದು ಇಲ್ಲಿಯೇ. ನೂಲು ಬಿಚ್ಚುವ ರೀಲರ್‌ಗಳಿಗೂ ಅವರದೇ ಸಂಘಗಳಿವೆ. ಇಬ್ಬರ ಹಿತವೂ ಬೇರೆ, ಮಾರುಕಟ್ಟೆ ಒಂದೇ.

ಗೂಡು ಬೆಳೆಯುವವರಲ್ಲಿ ಹಿಂದೂ ಒಕ್ಕಲು ಕುಟುಂಬಗಳು ಹೆಚ್ಚು, ನೂಲು ಬಿಚ್ಚುವವರಲ್ಲಿ ಮುಸ್ಲಿಮರು ಹೆಚ್ಚು. ಒಬ್ಬರ ಕಸುಬು ಇನ್ನೊಬ್ಬರಿಲ್ಲದೆ ನಡೆಯದು. ರಾಜ್ಯಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಬೆಸುಗೆಯ ಬೆಲೆಯನ್ನು ತೋರಿಸಿಕೊಟ್ಟಿತು. ಕೋಮುಗಲಭೆಗೆ ಸಿಕ್ಕ ನಗರಗಳನ್ನೂ ಶಾಂತವಾಗಿ ಉಳಿದ ನಗರಗಳನ್ನೂ ಜೋಡಿ ಜೋಡಿಯಾಗಿ ಹೋಲಿಸಿದಾಗ (ಅಲಿಗಢ ಮತ್ತು ಕಲ್ಲಿಕೋಟೆ ಒಂದು ಜೋಡಿ) ವ್ಯತ್ಯಾಸ ಕಂಡದ್ದು ಸಂಘಗಳಲ್ಲಿ. ವರ್ತಕರ ಸಂಘ, ಕಾರ್ಮಿಕ ಸಂಘ, ಓದುಗರ ಕೂಟಗಳಲ್ಲಿ ಎರಡೂ ಧರ್ಮದವರು ಒಟ್ಟಿಗೆ ಕೂರುತ್ತಿದ್ದ ಊರುಗಳಲ್ಲಿ ವದಂತಿ ಹುಟ್ಟಿದರೂ ಬೆಂಕಿ ಹತ್ತುತ್ತಿರಲಿಲ್ಲ. ಹಳ್ಳಿಯಲ್ಲಿ ದಿನನಿತ್ಯದ ಮುಖಪರಿಚಯವೇ ಸಾಕಾಗಬಹುದು. ಪಟ್ಟಣ ಬೆಳೆದಂತೆ ಸಂಘವೇ ಬೇಕು ಎಂಬುದು ಆ ಅಧ್ಯಯನದ ತಿರುಳು. ರಾಮನಗರ, ಚನ್ನಪಟ್ಟಣಗಳು ಬೆಳೆಯುತ್ತಿರುವ ವೇಗಕ್ಕೆ ಈ ಮಾತು ಹತ್ತಿರದ್ದು.

ಚನ್ನಪಟ್ಟಣದ ಗೊಂಬೆಯ ಕಥೆ ಇನ್ನೊಂದು ಬಗೆಯದು. ಆಲೆ ಮರದ ತುಂಡನ್ನು ಲೇತಿಗೆ ಕಚ್ಚಿಸಿ, ತಿರುಗುವಾಗಲೇ ಅರಗಿನ ಬಣ್ಣದ ಕಡ್ಡಿ ಒತ್ತಿದರೆ ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಈ ಕುಶಲತೆ ಒಬ್ಬೊಬ್ಬ ಕುಶಲಕರ್ಮಿಯ ಕೈಯದ್ದು. ಆದರೆ ಗೊಂಬೆಗೆ ದೊರೆತ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಮಾನ್ಯತೆ ಯಾರೊಬ್ಬರ ಸ್ವತ್ತೂ ಅಲ್ಲ. 1999ರ ಕಾಯ್ದೆ ಪ್ರಕಾರ ಅದು ಆ ಸೀಮೆಯ ಎಲ್ಲ ಉತ್ಪಾದಕರ ಸಾಮೂಹಿಕ ಹಕ್ಕು. ಕುಶಲಕರ್ಮಿಗಳು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಯಂತ್ರದಲ್ಲಿ ಅಚ್ಚಾದ ಅಗ್ಗದ ಪ್ಲಾಸ್ಟಿಕ್ ಗೊಂಬೆಗೆ ಚನ್ನಪಟ್ಟಣದ ಹೆಸರು ಹಚ್ಚಿ ಮಾರಿದರೆ ಕೇಳಬೇಕಾದವರು ಈ ಹಕ್ಕುದಾರರು. ಕೇಳುವ ಸಂಘ ಇಲ್ಲದಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ದುಡ್ಡು ಕೊಟ್ಟು ದುರ್ಯೋಧನನಾಗುವುದು

ಸಂಘವೆಂದರೆ ಹಣಕಾಸು ಮಾತ್ರವಲ್ಲ ಎಂಬುದಕ್ಕೆ ಈ ಸೀಮೆಯ ಪೌರಾಣಿಕ ನಾಟಕಗಳೇ ಸಾಕ್ಷಿ. ‘ಕುರುಕ್ಷೇತ್ರ’ ಆಡಲು ಊರು ನಿಶ್ಚಯಿಸಿತೆಂದರೆ ತಿಂಗಳುಗಟ್ಟಲೆ ರಾತ್ರಿಯ ತಾಲೀಮು. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ದೇವಸ್ಥಾನದ ಮುಂದೆಯೋ ಶಾಲೆಯ ಪಡಸಾಲೆಯಲ್ಲೋ ಕಂದಪದ್ಯಗಳ ಅಭ್ಯಾಸ ನಡೆಯುತ್ತದೆ.

ಇಲ್ಲಿನ ಸೋಜಿಗವೆಂದರೆ ನಟರಿಗೆ ಸಂಭಾವನೆ ಇಲ್ಲ, ನಟರೇ ಹಣ ಕಟ್ಟುತ್ತಾರೆ. ದುರ್ಯೋಧನ, ಕೃಷ್ಣ, ಭೀಮರಂಥ ದೊಡ್ಡ ಪಾತ್ರಕ್ಕೆ ಹೆಚ್ಚು, ದೂತನ ಪಾತ್ರಕ್ಕೆ ಕಡಿಮೆ. ಆ ಹಣದಲ್ಲೇ ಸೀನರಿ, ಡ್ರೆಸ್ಸು, ಮೈಕು, ಮೇಷ್ಟ್ರ ಗೌರವಧನ ಎಲ್ಲ ಹೊಂದಬೇಕು. ನಾಟಕದ ರಾತ್ರಿ ನೆಂಟರಿಷ್ಟರು ರಂಗದ ಮೇಲೇರಿ ಹಾರ, ಶಾಲು ಹಾಕುತ್ತಾರೆ. ಯುದ್ಧ ಅಲ್ಲಿಯವರೆಗೆ ಕಾಯುತ್ತದೆ. ಹಗಲು ಆಟೋ ಓಡಿಸುವವರು, ಪಂಚಾಯಿತಿ ಸದಸ್ಯರು, ಕೂಲಿ ಮಾಡುವವರು, ಮೇಷ್ಟ್ರುಗಳು ಒಂದೇ ಗ್ರೀನ್ ರೂಮಿನಲ್ಲಿ ಬಣ್ಣ ಹಚ್ಚಿಕೊಳ್ಳುತ್ತಾರೆ.

ಗ್ರಾಮದೇವತೆಯ ಹಬ್ಬದಲ್ಲೂ ಇದೇ ಕ್ರಮ. ಮನೆಗಿಷ್ಟು ಎಂದು ವಂತಿಗೆ ಎತ್ತುವುದು, ಕೊಂಡಕ್ಕೆ ಸೌದೆ ಒಟ್ಟುವುದು, ಪೂಜಾ ಕುಣಿತ, ತಮಟೆಯವರಿಗೆ ಹೇಳಿಬರುವುದು, ಹಬ್ಬ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಲೆಕ್ಕ ಒಪ್ಪಿಸುವುದು. ರಾಮನಗರದಲ್ಲಿ ಆಷಾಢದ ಚಾಮುಂಡೇಶ್ವರಿ ಕರಗ, ಕನಕಪುರ ತಾಲ್ಲೂಕಿನ ಕಬ್ಬಾಳಮ್ಮನ ಜಾತ್ರೆಯಂಥ ದೊಡ್ಡ ಉತ್ಸವಗಳ ಹಿಂದೆ ಇಂಥ ನೂರಾರು ಕೈಗಳ ಕೆಲಸ ಇರುತ್ತದೆ. ಇಂಥ ಕಲೆಗಳನ್ನು ಕಾಪಿಡಲೆಂದೇ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕ ಎಬ್ಬಿಸಿದರು. ಆದರೆ ಕುಣಿತ ಜೀವಂತವಾಗಿ ಉಳಿಯುವುದು ತಾಲೀಮಿಗೆ ಹುಡುಗರು ಬರುವ ಊರುಗಳಲ್ಲಿ.

> ಹಾಡುವ ಊರಿನಲ್ಲಿ ಆಡಳಿತ ಚೆನ್ನ
>
> ಇಟಲಿಯಲ್ಲಿ 1970ರಲ್ಲಿ ಪ್ರಾಂತೀಯ ಸರ್ಕಾರಗಳು ರಚನೆಯಾದವು. ಎಲ್ಲ ಕಡೆಯೂ ಒಂದೇ ಮಾದರಿ, ಫಲಿತಾಂಶ ಮಾತ್ರ ಬೇರೆ ಬೇರೆ. ಅಮೆರಿಕದ ರಾಬರ್ಟ್ ಪುಟ್ನಮ್ ಮತ್ತು ಸಂಗಡಿಗರು ಸುಮಾರು ಎರಡು ದಶಕ ಅಭ್ಯಸಿಸಿ 1993ರಲ್ಲಿ ಪ್ರಕಟಿಸಿದ ಉತ್ತರ ಅಚ್ಚರಿ ಹುಟ್ಟಿಸಿತು: ಗಾಯನ ಮಂಡಳಿ, ಫುಟ್‌ಬಾಲ್ ಕ್ಲಬ್, ಸಹಕಾರ ಸಂಘಗಳು ಹೆಚ್ಚಿದ್ದ ಪ್ರಾಂತ್ಯಗಳಲ್ಲಿ ಸರ್ಕಾರವೂ ಚೆನ್ನಾಗಿ ನಡೆಯುತ್ತಿತ್ತು. ಹಾಡಲು, ಆಡಲು ಒಟ್ಟು ಸೇರಿದವರು ನಂಬಿಕೆ ಕಲಿಯುತ್ತಾರೆ. ಆ ನಂಬಿಕೆ ಊರಿನ ಕೆಲಸಕ್ಕೂ ಒದಗುತ್ತದೆ ಎಂಬುದು ಅವರ ವಾದ.

ಒಡನಾಟದ ಲಾಭ ದೇಹಕ್ಕೂ ತಟ್ಟುತ್ತದೆ. 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯೊಂದು, ಗಟ್ಟಿ ಸಾಮಾಜಿಕ ಸಂಬಂಧ ಇರುವವರು ಬದುಕುಳಿಯುವ ಸಾಧ್ಯತೆ, ಅಂಥ ಸಂಬಂಧ ಇಲ್ಲದವರಿಗಿಂತ ಶೇ 50ರಷ್ಟು ಹೆಚ್ಚು ಎಂದು ಕಂಡುಕೊಂಡಿತು. ಮಕ್ಕಳೆಲ್ಲ ಬೆಂಗಳೂರು ಸೇರಿ, ವಯಸ್ಸಾದವರಷ್ಟೇ ಉಳಿದ ಮನೆಗಳು ಹೆಚ್ಚುತ್ತಿರುವ ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ಭಜನೆ ಮಂಡಳಿಯೂ ಡೇರಿಯ ಕಟ್ಟೆಯೂ ಆರೋಗ್ಯದ ಲೆಕ್ಕಕ್ಕೇ ಸೇರುತ್ತವೆ.

ಮನೆ ಹಂಚುವ ದಿನ ಮಾತ್ರ ಗ್ರಾಮಸಭೆ?

ಊರಿನ ಎಲ್ಲ ಸಂಘಗಳಿಗೂ ಮೇಲಿನದು ಗ್ರಾಮಸಭೆ. ಇದಕ್ಕೆ ಷೇರು, ಶುಲ್ಕ ಯಾವುದೂ ಇಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಸದಸ್ಯರು. ಸಂವಿಧಾನದ 73ನೇ ತಿದ್ದುಪಡಿ ಮತ್ತು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಇದಕ್ಕೆ ಅಧಿಕಾರ ಕೊಟ್ಟಿವೆ. ಫಲಾನುಭವಿಗಳ ಆಯ್ಕೆ, ಕ್ರಿಯಾ ಯೋಜನೆ, ಲೆಕ್ಕಪತ್ರ ಎಲ್ಲವೂ ಇಲ್ಲಿ ಚರ್ಚೆಯಾಗಬೇಕು.

ವಾಸ್ತವದಲ್ಲಿ ಸಭೆ ತುಂಬುವುದು ವಸತಿ ಯೋಜನೆಯ ಮನೆ ಹಂಚುವ ದಿನ. ಅಂದು ಮೈಕು ಸಾಲದು, ಕುರ್ಚಿ ಸಾಲದು, ಕೆಲವೊಮ್ಮೆ ಪೊಲೀಸರೂ ಸಾಲರು. ಕುಡಿಯುವ ನೀರು, ಚರಂಡಿ, ಸ್ಮಶಾನದ ದಾರಿ, ಬೀದಿದೀಪ ಚರ್ಚೆಯಾಗುವ ಸಭೆಗೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಹೊಂದಿಸಲು ಪರದಾಟ. ಕೋರಂ ಇಲ್ಲದಿದ್ದರೂ ನಡಾವಳಿ ಪುಸ್ತಕವನ್ನು ಮನೆ ಮನೆಗೆ ಹೊತ್ತು ಸಹಿ ಮಾಡಿಸುವ ಕೆಟ್ಟ ಪದ್ಧತಿ ಅಲ್ಲಲ್ಲಿ ಉಂಟು. ಓದದೆ ಹಾಕಿದ ಆ ಸಹಿಯೇ ಮುಂದೆ ‘ಗ್ರಾಮಸಭೆ ಒಪ್ಪಿದೆ’ ಎಂಬ ದಾಖಲೆಯಾಗುತ್ತದೆ.

ಶಾಲೆಯ ಮಟ್ಟದಲ್ಲಿ ಇರುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಕರ್ನಾಟಕ 2001ರಲ್ಲೇ ಇದನ್ನು ತಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಬಿಸಿಯೂಟದ ರುಚಿ, ಶೌಚಾಲಯದ ನೀರು, ಶಿಕ್ಷಕರ ಹಾಜರಾತಿ, ಸೋರುವ ಕೊಠಡಿ ಇವೆಲ್ಲ ಸಮಿತಿಯ ಕಣ್ಣಿಗೆ ಬೀಳಬೇಕಾದವು. ತಾಯಂದಿರು ತಿಂಗಳಿಗೊಮ್ಮೆ ಅಡುಗೆ ಕೋಣೆಗೆ ಹೋಗಿ ನೋಡುವ ಶಾಲೆಯಲ್ಲಿ ಬೇಳೆ ನೀರಾಗುವುದು ಕಷ್ಟ.

> ಎಷ್ಟು ಜನ ಸೇರಿದರೆ ಸಂಘ?
>
> ● ಸ್ವಸಹಾಯ ಗುಂಪು: ಸಾಮಾನ್ಯವಾಗಿ 10ರಿಂದ 20 ಸದಸ್ಯರು.
>
> ● ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಯುವಕ ಸಂಘ, ಕಲಾ ಸಂಘ, ಬಡಾವಣೆ ಸಂಘ: ಕನಿಷ್ಠ 7 ಜನ.
>
> ● ಗ್ರಾಮಸಭೆಯ ಕೋರಂ: ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು.
>
> ● ಗ್ರಾಮ ಪಂಚಾಯಿತಿ ಸ್ಥಾನಗಳಲ್ಲಿ ಮಹಿಳಾ ಮೀಸಲಾತಿ: ಶೇ 50.

ಕೆರೆ ಕೋಡಿ ಬಿದ್ದಾಗ

2022ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ರಾಮನಗರ, ಚನ್ನಪಟ್ಟಣ ಭಾಗದ ಕೆರೆಗಳು ಉಕ್ಕಿ, ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ವಾಹನಗಳು ಮುಳುಗಿದವು. ಇಂಥ ಹೊತ್ತಿನಲ್ಲಿ ರಕ್ಷಣಾ ತಂಡ ಬರುವ ಮೊದಲು ಒದಗುವುದು ಅಕ್ಕಪಕ್ಕದವರೇ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯಲ್ಲಿ ಎಳೆಗೂಸಿದೆ ಎಂಬುದು ಅವರಿಗಷ್ಟೇ ಗೊತ್ತು. ಜಪಾನಿನ ಕೋಬೆ ನಗರದಲ್ಲಿ 1995ರ ಭೂಕಂಪದ ನಂತರ, ನಿವಾಸಿಗಳ ಸಂಘ ಮೊದಲೇ ಗಟ್ಟಿಯಾಗಿದ್ದ ಬಡಾವಣೆಯವರು ಸಾಲಾಗಿ ನಿಂತು ಬಕೆಟ್ಟಿನಲ್ಲಿ ನೀರು ಸಾಗಿಸಿ ಬೆಂಕಿ ತಡೆದದ್ದನ್ನು ಅಧ್ಯಯನಕಾರರು ದಾಖಲಿಸಿದ್ದಾರೆ.

ಕೆರೆ ಕೋಡಿ ಬೀಳುವುದು ಮಳೆಯಿಂದ. ಕೋಡಿಯ ನೀರು ಮನೆಗೆ ನುಗ್ಗುವುದು ಬಹುಪಾಲು ರಾಜಕಾಲುವೆ ಮುಚ್ಚಿದ್ದರಿಂದ, ತೂಬು ಕಟ್ಟಿಕೊಂಡಿದ್ದರಿಂದ. ಹಿಂದೆ ಹಳ್ಳಿಗಳಲ್ಲಿ ನೀರುಗಂಟಿ ತೂಬು ಎತ್ತಿ ಇಳಿಸುತ್ತಿದ್ದ, ಹೂಳೆತ್ತಲು ಊರೇ ಕೂಡುತ್ತಿತ್ತು. ನಾಲೆ, ಅಡವಿ, ಗೋಮಾಳಗಳಂಥ ಸಾಮೂಹಿಕ ಸೊತ್ತನ್ನು ಬಳಸುವವರೇ ನಿಯಮ ಮಾಡಿ, ತಾವೇ ಕಾವಲು ಕಾದಾಗ ಅದು ಶತಮಾನಗಳ ಕಾಲ ಬಾಳುತ್ತದೆ ಎಂದು ತೋರಿಸಿದ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬೆಳೆಸಿದ 385 ಆಲದ ಮರಗಳು ಇಬ್ಬರ ನಿಷ್ಠೆಯ ಫಲ. ನೆಡುವುದು ಇಬ್ಬರಿಂದ ಆಯಿತು. 2019ರಲ್ಲಿ ರಸ್ತೆ ವಿಸ್ತರಣೆಯಿಂದ ಮರಗಳಿಗೆ ಕುತ್ತು ಎದುರಾದಾಗ ಉಳಿಸಲು ಸಾರ್ವಜನಿಕ ದನಿಯೇ ಬೇಕಾಯಿತು.

ಹಾಜರಿ ಏಕೆ ಕುಗ್ಗುತ್ತಿದೆ

ಕಾರಣಗಳು ಕಣ್ಣೆದುರೇ ಇವೆ. ಬಿಡದಿಯ ಕಾರ್ಖಾನೆಗಳು, ಬೆಂಗಳೂರಿನ ಕಚೇರಿಗಳಿಗೆ ಬೆಳಿಗ್ಗೆ ರೈಲು, ಬಸ್ಸು ಹತ್ತಿ ರಾತ್ರಿ ಮರಳುವವರಿಗೆ ಹಗಲು ಹನ್ನೊಂದರ ಗ್ರಾಮಸಭೆ ಎಟುಕುವುದಿಲ್ಲ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಪಟ್ಟಣವನ್ನು ಹತ್ತಿರ ಮಾಡಿತು. ಊರಿನಲ್ಲಿ ಕಳೆಯುವ ಹೊತ್ತನ್ನು ಹೆಚ್ಚಿಸಲಿಲ್ಲ. ಹೊಸ ಬಡಾವಣೆಗಳಲ್ಲಿ ಪಕ್ಕದ ಸೈಟಿನವರ ಹೆಸರು ಗೊತ್ತಿರುವುದು ಅಪರೂಪ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಚರಂಡಿಯ ಫೋಟೊ ಹಾಕಿ ಕೋಪ ತೀರಿಸಿಕೊಂಡರೆ ಕೆಲಸ ಆಯಿತೆಂಬ ಸಮಾಧಾನ ಬೇರೆ.

ಎರಡನೆಯದು ರಾಜಕೀಯ. ಈ ನಾಲ್ಕು ತಾಲ್ಲೂಕುಗಳು ಮುಖ್ಯಮಂತ್ರಿ, ಉಪಮುಖ್ಯಮಂತ್ರಿಗಳನ್ನು ಕೊಟ್ಟ ನೆಲ. ಡೇರಿಯ ಚುನಾವಣೆಗೂ ಪಕ್ಷದ ಬಣ್ಣ ಮೆತ್ತಿಕೊಳ್ಳುತ್ತದೆ. ಸೋತ ಬಣ ಐದು ವರ್ಷ ಸಭೆಗೆ ಬಾರದೆ ಉಳಿದರೆ ಗೆದ್ದ ಬಣಕ್ಕೆ ಕೇಳುವವರಿಲ್ಲ.

ಮೂರನೆಯದು ಜಾತಿ. ಹಳೆಯ ಪಂಚಾಯಿತಿ ಕಟ್ಟೆಯಲ್ಲಿ ದಲಿತರಿಗೂ ಹೆಂಗಸರಿಗೂ ಕೂರಲು ಜಾಗ ಇರಲಿಲ್ಲ. ಕಾನೂನು ಮೀಸಲು ಸ್ಥಾನ ಕೊಟ್ಟಿತು. ಆದರೂ ಅಧ್ಯಕ್ಷೆಯ ಬದಲು ಗಂಡ ಮಾತಾಡುವ, ಕಾಲೊನಿಯವರಿಗೆ ನೋಟಿಸೇ ತಲುಪದ ಸಭೆಗಳು ಇನ್ನೂ ಇವೆ. ಒಂದೇ ಜಾತಿಯವರ ಸಂಘ ತನ್ನವರಿಗೆ ಆಸರೆಯಾಗಬಹುದು, ಊರನ್ನು ಹೊಲಿಯಲಾರದು. ಸ್ಥಳೀಯ ಸಂಘ ಎಂದೊಡನೆ ಅದು ಒಳ್ಳೆಯದೇ ಎಂದು ಹೇಳಲಾಗದು; ಯಾರು ಒಳಗಿದ್ದಾರೆ, ಯಾರು ಹೊರಗುಳಿದಿದ್ದಾರೆ ಎಂಬುದೇ ಅದರ ಪರೀಕ್ಷೆ. ಹೊರಗುಳಿದವರು ಬಂದು ಕೂತಾಗಲೇ ಅಂಥ ಸಂಘಗಳು ಬದಲಾಗಿರುವುದು.

> ಸಭೆಯಲ್ಲಿ ಕೇಳಬೇಕಾದ ಐದು ಪ್ರಶ್ನೆ
>
> 1. ಕಳೆದ ಸಭೆಯ ನಿರ್ಣಯಗಳಲ್ಲಿ ಆದದ್ದೆಷ್ಟು, ಉಳಿದದ್ದೆಷ್ಟು?
>
> 2. ಆಡಿಟ್ ವರದಿಯಲ್ಲಿ ಆಕ್ಷೇಪಣೆಗಳಿವೆಯೇ? ಅವಕ್ಕೆ ಉತ್ತರ ಕೊಟ್ಟಿದ್ದೀರಾ?
>
> 3. ಬ್ಯಾಂಕ್ ಪಾಸ್‌ಬುಕ್ಕಿನ ಮೊತ್ತಕ್ಕೂ ಲೆಕ್ಕದ ಪುಸ್ತಕಕ್ಕೂ ತಾಳೆಯಾಗುತ್ತದೆಯೇ?
>
> 4. ಸಭೆಯ ನೋಟಿಸು ಎಲ್ಲ ಸದಸ್ಯರಿಗೂ, ಎಲ್ಲ ಕೇರಿಗಳಿಗೂ ತಲುಪಿದೆಯೇ?
>
> 5. ಮುಂದಿನ ಸಭೆ ದುಡಿಯುವವರಿಗೂ ಎಟುಕುವ ದಿನ, ಹೊತ್ತಿನಲ್ಲಿ ನಡೆಯುವುದೇ?

ಶುರು ಎಲ್ಲಿಂದ

ಪಾಲ್ಗೊಳ್ಳಲು ಪದಾಧಿಕಾರಿ ಆಗಬೇಕಿಲ್ಲ. ಹಾಲು ಹಾಕುವವರು ವಾರ್ಷಿಕ ವರದಿಯನ್ನು ಸಭೆಗೆ ಮೊದಲೇ ಕೇಳಿ ಪಡೆಯಬಹುದು. ಓದು ಬಲ್ಲ ಸೊಸೆ, ಮಗಳು ಸ್ವಸಹಾಯ ಗುಂಪಿನ ಪುಸ್ತಕ ಬರೆಯಲು ಕೈಜೋಡಿಸಬಹುದು. ದೂರದಲ್ಲಿ ಕೆಲಸ ಮಾಡುವವರು ಭಾನುವಾರದ ಸಭೆಗೆ ಒತ್ತಾಯಿಸಬಹುದು. ನೋಟಿಸು, ನಡಾವಳಿಯ ಫೋಟೊ ಹಂಚಲು ವಾಟ್ಸ್ಆ್ಯಪ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ಹೊಸ ಬಡಾವಣೆಯ ಏಳು ಮನೆಯವರು ಕೂಡಿದರೆ ನೋಂದಾಯಿತ ಸಂಘವಾಗುತ್ತದೆ, ನಗರಸಭೆಗೆ ಬರೆದ ಪತ್ರಕ್ಕೆ ತೂಕ ಬರುತ್ತದೆ.

ಎಲ್ಲ ಸಂಘಗಳಲ್ಲೂ ಒಬ್ಬರೇ ಓಡಾಡಬೇಕಿಲ್ಲ. ಕಸುಬಿಗೆ ಸಂಬಂಧಿಸಿದ್ದು ಒಂದು, ಮಕ್ಕಳ ಶಾಲೆಯದ್ದೋ ಬೀದಿಯದ್ದೋ ಇನ್ನೊಂದು, ಮನಸ್ಸಿಗೆ ಹಿಡಿಸಿದ ನಾಟಕ, ಭಜನೆ, ಕ್ರೀಡೆಯ ಕೂಟ ಮತ್ತೊಂದು; ಒಬ್ಬರಿಗೆ ಅಷ್ಟು ಸಾಕು. ಸಹಕಾರ ಸಂಘಗಳ ಮಹಾಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಸ್ವಸಹಾಯ ಗುಂಪು ವಾರಕ್ಕೊಮ್ಮೆ ಕೂರುತ್ತದೆ. ಮುಂದಿನ ಸಭೆ ಯಾವಾಗ ಎಂಬುದು ಡೇರಿಯ ಗೋಡೆಯಲ್ಲೋ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲೋ ಇರಬೇಕು. ಇಲ್ಲದಿದ್ದರೆ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ ಅದೇ.